ರಾತ್ರಿ ಬರುವ ಆ ಫೋನು

ವಿಶ್ವವಿದ್ಯಾಲಯವೊಂದರಲ್ಲಿ ವಿದ್ಯಾರ್ಥಿಗಳ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಹೊಸ ಬ್ಯಾಚಿಗೆ ಕ್ಲಾಸು ಶುರುವಾಗಿ ಎರಡು ಮೂರು ವಾರ ಆಗುವಷ್ಟರಲ್ಲಿ ಅಪ್ಪ ಅಮ್ಮಂದಿರ ಕರೆ ಬರತೊಡಗುತ್ತದೆ. ಮಾತು ಹೆಚ್ಚುಕಡಿಮೆ ಒಂದೇ: ನಿನ್ನೆ ರಾತ್ರಿ ಮಗಳು ಫೋನ್ ಮಾಡಿ ಅತ್ತಳು, ಇಲ್ಲಿ ನನ್ನ ಕೈಲಾಗಲ್ಲ ಅಂದಳು, ನಮಗೆ ಬೆಳಗಿನವರೆಗೂ ನಿದ್ದೆ ಇಲ್ಲ, ಬಂದು ಕರೆದುಕೊಂಡು ಹೋಗೋದಾ ಮೇಡಂ?

ಬಹಳಷ್ಟು ಸಲ ನಾನು ಹೇಳುವುದು, ಈಗಲೇ ಬೇಡ. ಮಗಳ ಅಳು ನಿಜವೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಫೋನು ಬಂದದ್ದು ಅವಳ ಇಡೀ ದಿನದಲ್ಲಿ ಅತಿ ಕಷ್ಟದ ಹೊತ್ತಿನಲ್ಲಿ. ಕ್ಲಾಸು ಮುಗಿದಿದೆ, ಸುಸ್ತಾಗಿದೆ, ಪಕ್ಕದ ಮಂಚದಲ್ಲಿ ಇರುವವರ ಪರಿಚಯ ಇನ್ನೂ ಸರಿಯಾಗಿ ಆಗಿಲ್ಲ. ದಿನವಿಡೀ ಎಲ್ಲರೆದುರು ಧೈರ್ಯವಾಗಿ ಇದ್ದವಳು ತನಗೆ ಭಯವಿಲ್ಲದ ಕಡೆ ಬಂದು ಅಳುತ್ತಾಳೆ, ಆ ಕಡೆ ಅಂದರೆ ನೀವು. ಹೇಳಿಕೊಂಡ ಮೇಲೆ ಅವಳಿಗೆ ಹಗುರ. ಎಷ್ಟೋ ಸಲ ಅರ್ಧ ಗಂಟೆಯೊಳಗೆ ಮುಖ ತೊಳೆದು, ಯಾರ ಜೊತೆಗೋ ಊಟಕ್ಕೆ ಹೋಗಿರುತ್ತಾಳೆ. ಆದರೆ ಹಗುರಾದೆ ಅಂತ ತಿಳಿಸಲು ಇನ್ನೊಂದು ಫೋನು ಮಾಡಬೇಕು ಅಂತ ಆ ವಯಸ್ಸಿನವರಿಗೆ ಹೊಳೆಯುವುದೇ ಇಲ್ಲ. ಅವಳು ಇಳಿಸಿದ ಭಾರ ಹೊತ್ತು ನೀವು ಮಾತ್ರ ರಾತ್ರಿಯೆಲ್ಲ ಎದ್ದಿರುತ್ತೀರಿ.

ಹಾಗಾಗಿ ಮೊದಲ ಸೆಮಿಸ್ಟರಿನಲ್ಲಿ ಮನೆಯವರ ದೊಡ್ಡ ಕೆಲಸ ಆ ಫೋನಿನಲ್ಲಿ ಸರಿಯಾಗಿ ಮಾತಾಡುವುದು ಅಂತ ನಾನು ನಂಬಿದ್ದೇನೆ. ಸಾಮಾನು, ಫೀಸು, ಫಾರಂ ಎಲ್ಲಾ ಬೇಕು, ಅದನ್ನೆಲ್ಲ ಮನೆಯವರು ಚೆನ್ನಾಗಿಯೇ ಮಾಡುತ್ತಾರೆ. ಎಡವುವುದು ಮಾತಿನಲ್ಲಿ.

ಮಗ ಅಥವಾ ಮಗಳು ಕಷ್ಟ ಹೇಳಿದ ತಕ್ಷಣ ನಮಗೆ ಪರಿಹಾರ ಬಾಯಿಗೆ ಬರುತ್ತದೆ. ರೂಮು ಬದಲಾಯಿಸು, ಮೇಷ್ಟ್ರ ಹತ್ತಿರ ಮಾತಾಡು, ನಾಳೆ ಅಪ್ಪ ಆಫೀಸಿಗೆ ಫೋನ್ ಮಾಡ್ತಾರೆ. ಕೆಲವರು ಇನ್ನೊಂದು ಕಡೆ ಹೋಗುತ್ತಾರೆ: ಇದಕ್ಕೆಲ್ಲ ಅಳ್ತಾರಾ, ನಿನ್ನ ವಯಸ್ಸಲ್ಲಿ ನಾವು ಎಷ್ಟು ಕಷ್ಟಪಟ್ಟಿದ್ದೀವಿ ಗೊತ್ತಾ? ಎರಡರಿಂದಲೂ ಆಗುವುದು ಒಂದೇ, ಮುಂದಿನ ಸಲ ಅವರು ಹೇಳುವುದಿಲ್ಲ. ಮೊದಲನೆಯದರಲ್ಲಿ ಹೇಳಿದರೆ ಮನೆಯಲ್ಲಿ ಗಲಾಟೆ ಆಗುತ್ತದೆ ಅನ್ನುವ ಭಯ, ಎರಡನೆಯದರಲ್ಲಿ ಹೇಳಿ ಏನು ಪ್ರಯೋಜನ ಅನ್ನುವ ಬೇಸರ. ನನ್ನ ಮುಂದೆ ಕೂತು "ಮನೇಲಿ ಎಲ್ಲಾ ಚೆನ್ನಾಗಿದೆ ಅಂತಾನೇ ಹೇಳ್ತೀನಿ" ಅನ್ನುವ ಹುಡುಗರ ಬಗ್ಗೆ ನನಗೆ ಅಳುವವರಿಗಿಂತ ಜಾಸ್ತಿ ಚಿಂತೆ.

ನಾನು ಮನೆಯವರಿಗೆ ಹೇಳಿಕೊಡುವ ಪ್ರಶ್ನೆ ಒಂದಿದೆ. "ನಾನು ಈಗ ಸುಮ್ನೆ ಕೇಳಿಸಿಕೊಳ್ಳಲಾ, ಇಲ್ಲಾ ಏನಾದರೂ ಮಾಡಬೇಕಾ?" ಕೇಳಿ ನೋಡಿ. ಹೆಚ್ಚಿನ ಸಲ "ಸುಮ್ನೆ ಕೇಳು" ಅಂತಲೇ ಬರುತ್ತದೆ. ಆಗ ಸುಮ್ಮನೆ ಕೇಳಬೇಕು, ಅದು ಸುಲಭ ಅಲ್ಲ, ಮಧ್ಯೆ ಮಧ್ಯೆ ಸಲಹೆ ನುಗ್ಗಿ ಬರುತ್ತದೆ, ತಡೆದುಕೊಳ್ಳಬೇಕು. ಕೊನೆಗೆ "ಕಷ್ಟ ಆಗ್ತಿದೆ ಅಲ್ವಾ, ನಾಳೆ ಏನು ಮಾಡಬೇಕು ಅಂದ್ಕೊಂಡಿದ್ದೀಯ?" ಅಂತ ಕೇಳಿದರೆ ಸಾಕು. ಯೋಚನೆ ಅವರ ತಲೆಯಲ್ಲಿ ಹುಟ್ಟಲಿ. ಮಾರನೆಯ ದಿನ ಮಧ್ಯಾಹ್ನ ಒಂದು ಮೆಸೇಜು ಹಾಕಿ, ರಾತ್ರಿಯ ಕಥೆ ಎತ್ತದೆ, ಇವತ್ತು ಹೇಗಿದೆ ಅಂತಷ್ಟೇ. ಹಗಲಿನ ಉತ್ತರ ನಿಮಗೂ ಸಿಗಬೇಕಲ್ಲ.

ಎಷ್ಟು ಸಲ ಫೋನ್ ಮಾಡಬೇಕು ಅಂತ ಕೇಳುತ್ತಾರೆ. ಲೆಕ್ಕ ಇಲ್ಲ. ಹೊರಡುವ ಮೊದಲೇ ಇಬ್ಬರೂ ಕೂತು ಮಾತಾಡಿಕೊಳ್ಳಿ, ವಾರದಲ್ಲಿ ಯಾವ ದಿನ ನಿಧಾನವಾಗಿ ಮಾತಾಡೋಣ, ಮಧ್ಯದಲ್ಲಿ ಮೆಸೇಜು ಸಾಕಾ, ಎಷ್ಟು ಹೊತ್ತು ಉತ್ತರ ಬರದಿದ್ದರೆ ಗಾಬರಿಯಾಗಬೇಕು ಅಂತ. ಈ ಕೊನೆಯ ಮಾತು ಮುಖ್ಯ. ಅದು ತೀರ್ಮಾನ ಆಗಿರದ ಮನೆಗಳಲ್ಲಿ, ಮಗ ಲೈಬ್ರರಿಯಲ್ಲಿ ಫೋನ್ ಸೈಲೆಂಟ್ ಮಾಡಿದ ಎರಡು ಗಂಟೆಗೆ ಇಪ್ಪತ್ತು ಮಿಸ್ಡ್ ಕಾಲ್ ಇರುತ್ತವೆ.

ಇನ್ನು "ಒಬ್ಬರೂ ಫ್ರೆಂಡ್ಸ್ ಇಲ್ಲ" ಅನ್ನುವ ಮಾತು. ಮೊದಲ ತಿಂಗಳಲ್ಲಿ ಅತಿ ಹೆಚ್ಚು ಕೇಳುವುದು ಇದನ್ನೇ, ಮನೆಯವರಿಗೆ ಎದೆ ಹಿಂಡುವುದೂ ಇದೇ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಬಹಳ ಸಮಾಧಾನ ಕೊಡುತ್ತದೆ. ಹೊಸದಾಗಿ ಕಾಲೇಜಿಗೆ ಬಂದ ವಿದ್ಯಾರ್ಥಿಗಳೂ ಅದರಲ್ಲಿದ್ದರು. ಬರೀ ಪರಿಚಯ ಇರುವವರು ಮೇಲುಮೇಲಿನ ಸ್ನೇಹಿತರಾಗಲು ಸುಮಾರು 50 ಗಂಟೆ ಜೊತೆಯಲ್ಲಿ ಕಳೆಯಬೇಕಾಗುತ್ತದೆ, ಸ್ನೇಹಿತರು ಅನ್ನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200 ಗಂಟೆಗೂ ಜಾಸ್ತಿ ಅಂತ ಅವರ ಅಂದಾಜು. ಅದೂ ಪಕ್ಕಪಕ್ಕ ಕೂತು ಪಾಠ ಕೇಳಿದ ಗಂಟೆಗಳಿಂದ ಅಷ್ಟು ಉಪಯೋಗ ಇಲ್ಲ, ಹರಟೆ, ಆಟ, ಸುತ್ತಾಟದ ಗಂಟೆಗಳು ಬೇಕು. ನೀವೇ ಲೆಕ್ಕ ಹಾಕಿ. ಒಬ್ಬರ ಜೊತೆ ವಾರಕ್ಕೆ ಹತ್ತು ಗಂಟೆ ಸಿಕ್ಕರೂ ಆಪ್ತ ಸ್ನೇಹಕ್ಕೆ ಇಪ್ಪತ್ತು ವಾರ ಬೇಕು. ಮೂರನೇ ವಾರದಲ್ಲಿ ಆಪ್ತರು ಯಾರೂ ಇಲ್ಲ ಅಂದರೆ ಹುಡುಗನಲ್ಲಿ ಏನೋ ಕೊರತೆ ಇದೆ ಅಂತ ಅರ್ಥ ಮಾಡಿಕೊಳ್ಳಬಾರದು, ಗಂಟೆಗಳು ಇನ್ನೂ ಆಗಿಲ್ಲ ಅಷ್ಟೇ. ಅವನ ಹಳೆಯ ಗೆಳೆಯರ ಜೊತೆ ಹತ್ತು ವರ್ಷದ ಗಂಟೆಗಳಿವೆ, ಅದಕ್ಕೆ ಹೋಲಿಸಿಕೊಂಡು ಅವನು ಸೊರಗುತ್ತಿರುತ್ತಾನೆ.

ಪ್ರತಿ ವಾರ ಮನೆಗೆ ಬರುವ ವಿದ್ಯಾರ್ಥಿಗಳ ಬಗ್ಗೆ ನಾನು ಯೋಚಿಸುವುದೂ ಇದೇ ಕಾರಣಕ್ಕೆ. ಶನಿವಾರ ಭಾನುವಾರಗಳಲ್ಲೇ ಆ ಗಂಟೆಗಳು ಕೂಡುವುದು. ಮನೆ ಹತ್ತಿರ ಇದೆ ಅಂತ ಶುಕ್ರವಾರ ಸಂಜೆ ಬ್ಯಾಗು ಹೆಗಲಿಗೇರಿಸಿದವರು ಸೋಮವಾರ ಬಂದಾಗ ಉಳಿದವರೆಲ್ಲ ಒಂದು ಗುಂಪಾಗಿರುತ್ತಾರೆ. ಮೊದಲ ಐದಾರು ವಾರದಲ್ಲಿ ಒಂದೆರಡು ವಾರಾಂತ್ಯವಾದರೂ ಅಲ್ಲೇ ಇರಲಿ. ಬಾ ಅಂತ ನೀವೇ ಕರೆಯಬೇಡಿ. ಬರುತ್ತೇನೆ ಅಂದರೆ ಬಾಗಿಲು ಹಾಕುವುದೂ ಬೇಡ, ಬರಲಿ, ಹೋಗುವ ದಿನ ಮೊದಲೇ ಗೊತ್ತಿರಲಿ.

ಮನೆಯಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮಕ್ಕಳಿಗೆ ಇನ್ನೊಂದು ಕಷ್ಟ ಇರುತ್ತದೆ. ಇದು ನನ್ನಂಥವರ ಜಾಗ ಅಲ್ಲ ಅನ್ನುವ ಅನಿಸಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹಿರಿಯ ವಿದ್ಯಾರ್ಥಿಗಳ ಅನುಭವ ಓದಲು ಕೊಟ್ಟರು. ನಮಗೂ ಹೀಗೇ ಅನ್ನಿಸಿತ್ತು, ಎಲ್ಲರಿಗೂ ಅನ್ನಿಸುತ್ತದೆ, ಕಾಲ ಕಳೆದಂತೆ ಹೋಯಿತು, ಇಷ್ಟೇ ಅದರ ತಿರುಳು. ಒಂದು ಗಂಟೆಯ ಕೆಲಸ. ಆದರೆ ಅಲ್ಲಿನ ಕಪ್ಪು ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷ ಸುಧಾರಿಸಿದವು. ಅಪ್ಪ ಅಮ್ಮ ಓದದಿದ್ದರೆ ಏನು ಹೇಳಲಿಕ್ಕಾಗುತ್ತದೆ ಅಂತ ಸಂಕೋಚಪಡುತ್ತಾರೆ, ಅದು ಬೇಡವೇ ಬೇಡ. ನೀವು ಹೊಸ ಕೆಲಸಕ್ಕೆ, ಹೊಸ ಜಾಗಕ್ಕೆ ಹೋದಾಗ ಮೊದಲ ತಿಂಗಳು ಹೇಗಿತ್ತು, ಯಾವಾಗ ಸರಿಹೋಯಿತು ಅಂತ ಹೇಳಿ. ನಾವು ಎಷ್ಟು ಗಟ್ಟಿ ಇದ್ದೆವು ಅನ್ನುವ ಕಥೆ ಬೇಡ, ನಮಗೂ ಹೆದರಿಕೆ ಆಗಿತ್ತು ಅನ್ನುವ ಕಥೆ ಬೇಕು.

ಅಂಕ. ಶಾಲೆಯಲ್ಲಿ ಸದಾ ಮುಂದಿದ್ದವರು ಮೊದಲ ಟೆಸ್ಟಿನಲ್ಲಿ ಕಡಿಮೆ ತೆಗೆದುಕೊಳ್ಳುವುದು ತುಂಬಾ ಸಾಮಾನ್ಯ, ಯಾಕೆಂದರೆ ಸುತ್ತ ಇರುವವರೆಲ್ಲ ಅವರವರ ಶಾಲೆಯಲ್ಲಿ ಮುಂದಿದ್ದವರೇ. ಜೊತೆಗೆ ಓದುವ ರೀತಿಯೂ ಬದಲಾಗಬೇಕು. ಓದಿದ್ದನ್ನೇ ಮತ್ತೆ ಮತ್ತೆ ಓದುವ ಅಭ್ಯಾಸ ಇಲ್ಲಿ ಸಾಲುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ತೋರಿಸಿದಂತೆ, ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರೂ ಒಂದು ವಾರದ ನಂತರ ಹೆಚ್ಚು ನೆನಪಿದ್ದದ್ದು ಪುಸ್ತಕ ಮುಚ್ಚಿ ನೆನಪಿಸಿಕೊಂಡವರಿಗೆ. ಮನೆಯವರು ಫೋನಿನಲ್ಲೇ ಇದಕ್ಕೆ ನೆರವಾಗಬಹುದು. "ಎಷ್ಟು ಗಂಟೆ ಓದಿದೆ?" ಅನ್ನುವ ಬದಲು "ಈ ವಾರ ಏನು ಹೇಳಿಕೊಟ್ಟರು, ನನಗೂ ಅರ್ಥ ಆಗೋ ಹಾಗೆ ಹೇಳು" ಅನ್ನಿ. ನಿಮಗೆ ವಿಷಯ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ಅವರು ಬಿಡಿಸಿ ಹೇಳಲೇಬೇಕಾಗುತ್ತದೆ.

ದುಡ್ಡು, ಬಟ್ಟೆ ಒಗೆಯುವುದು, ಡಾಕ್ಟರ ಹತ್ತಿರ ಒಬ್ಬರೇ ಹೋಗಿ ಏನಾಗಿದೆ ಅಂತ ಹೇಳುವುದು, ಇವೆಲ್ಲ ಹೊರಡುವ ಮೊದಲಿನ ಎರಡು ತಿಂಗಳಲ್ಲಿ ಮನೆಯಲ್ಲೇ ಅಭ್ಯಾಸ ಆಗಲಿ. ತಿಂಗಳ ದುಡ್ಡು ಒಟ್ಟಿಗೆ ಕೊಟ್ಟು ನೋಡಿ, ಮೂರನೇ ವಾರಕ್ಕೆ ಖಾಲಿ ಆದರೆ ಅದು ಮನೆಯಲ್ಲೇ ಆಗಲಿ. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಅದರ ಹೆಸರು, ಪ್ರಮಾಣ ಅವರಿಗೇ ಬಾಯಿಪಾಠ ಇರಬೇಕು. ನಿದ್ದೆಯ ಬಗ್ಗೆ ಜಗಳ ಬೇಡ. ಈ ವಯಸ್ಸಿನಲ್ಲಿ ದೇಹದ ಗಡಿಯಾರ ತಡರಾತ್ರಿಯ ಕಡೆ ಸರಿದಿರುತ್ತದೆ, ಆದರೂ 7ರಿಂದ 9 ಗಂಟೆ ನಿದ್ದೆ ಬೇಕೇ ಬೇಕು ಅಂತ ಅವರಿಗೆ ಗೊತ್ತಿದ್ದರೆ ಸಾಕು.

ಈಗ, ಯಾವಾಗ ತಡಮಾಡಬಾರದು ಅನ್ನುವುದು. ಅಳು ಬಂದು ಹೋಗುತ್ತಿದ್ದರೆ, ಮಧ್ಯೆ ಒಳ್ಳೆಯ ದಿನಗಳೂ ಇದ್ದರೆ ಕಾಯಬಹುದು. ಎರಡು ವಾರ ಆದರೂ ಒಂದೂ ಒಳ್ಳೆಯ ದಿನ ಇಲ್ಲ, ಊಟ ನಿದ್ದೆ ಕೆಟ್ಟಿದೆ, ಕ್ಲಾಸಿಗೆ ಹೋಗುವುದು ನಿಂತಿದೆ, ಮೊದಲು ಇಷ್ಟ ಇದ್ದದ್ದು ಯಾವುದೂ ಬೇಡವಾಗಿದೆ, ದನಿಯಲ್ಲಿ ಜೀವ ಇಲ್ಲ ಅಂದರೆ ಕಾಯಬೇಡಿ. ಜೋರಾಗಿ ಅಳುತ್ತಿದ್ದವರು ಇದ್ದಕ್ಕಿದ್ದಂತೆ ಮೌನವಾದರೂ ಹಾಗೆಯೇ, ಹೋಗಿ ನೋಡಿ. ಬದುಕಿದ್ದು ಏನು ಮಾಡಲಿ ಅನ್ನುವ ಅರ್ಥದ ಮಾತು ಬಂದರೆ ನೇರವಾಗಿ ಕೇಳಿ: ಸಾಯಬೇಕು ಅನ್ನಿಸ್ತಿದೆಯಾ? ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅಂತ ಮನೆಯವರು ಹೆದರುತ್ತಾರೆ. ಹಾಗಾಗುವುದಿಲ್ಲ ಅಂತ ಸಂಶೋಧನೆಗಳು ಹೇಳುತ್ತವೆ, ನನ್ನ ಕೋಣೆಯಲ್ಲೂ ಆ ಪ್ರಶ್ನೆಗೆ ನಾನು ಹೆಚ್ಚಾಗಿ ಕಂಡದ್ದು ಬಿಗಿ ಹಿಡಿದ ಭುಜ ಸಡಿಲವಾಗುವುದನ್ನೇ. ಹೌದು ಅಂದರೆ ಬುದ್ಧಿ ಹೇಳಲು ಹೋಗಬೇಡಿ, ಫೋನ್ ಇಡಬೇಡಿ, ಇನ್ನೊಂದು ಫೋನಿನಿಂದ ವಾರ್ಡನ್ ಅಥವಾ ತುರ್ತು ಸೇವೆಗೆ ತಿಳಿಸಿ, ಯಾರಾದರೂ ಪಕ್ಕದಲ್ಲಿ ಬಂದು ಕೂರುವವರೆಗೂ ಮಾತಾಡುತ್ತಿರಿ.

ನಮ್ಮಂಥವರಿಗೆ ಫೋನ್ ಮಾಡಿದಾಗ ಒಂದು ವಿಷಯಕ್ಕೆ ಮನೆಯವರಿಗೆ ಸಿಟ್ಟು ಬರುತ್ತದೆ. ಮಗ ಏನು ಹೇಳಿದ ಅಂತ ನಾವು ಹೇಳುವುದಿಲ್ಲ, ಅವನು ವಯಸ್ಕ, ಅವನ ಒಪ್ಪಿಗೆ ಬೇಕು, ಪ್ರಾಣಕ್ಕೆ ಅಪಾಯ ಇದ್ದಾಗ ಮಾತ್ರ ಬೇರೆ. ಆದರೆ ನೀವು ನಮಗೆ ಹೇಳಲು ಯಾವ ಅಡ್ಡಿಯೂ ಇಲ್ಲ. ಯಾವಾಗಿನಿಂದ ಬದಲಾವಣೆ ಕಂಡಿರಿ, ಮೊದಲು ಹೇಗಿದ್ದ, ಈಗ ಏನು ಮಾಡುತ್ತಿಲ್ಲ, ಹಿಂದೆ ಯಾವಾಗಲಾದರೂ ಹೀಗಾಗಿತ್ತಾ, ಯಾರ ಮಾತು ಕೇಳುತ್ತಾನೆ, ಇಷ್ಟನ್ನು ಹೇಳಿ. ನೀವು ನಮಗೆ ಹೇಳಿದ್ದು ಅವನಿಗೂ ಗೊತ್ತಿರಲಿ, ಕದ್ದು ಮಾಡಬೇಡಿ. ಬಹಳಷ್ಟು ಸಲ ಅದೇ ವಾರ ನಾವು ಅವನನ್ನು ಹೋಗಿ ಭೇಟಿ ಮಾಡುತ್ತೇವೆ.