ಆ ಕಂದು ಸ್ಪಾಂಜನ್ನು ನಲ್ಲಿ ಕೆಳಗೆ ಹಿಡಿಯಬೇಡಿ

ಆಯುಧ ಪೂಜೆ ಕಳೆದು ಎರಡು ಮೂರು ದಿನಕ್ಕೆ ನನಗೆ ಫೋನುಗಳು ಶುರುವಾಗುತ್ತವೆ. ಯುಗಾದಿ, ದೀಪಾವಳಿ ಆದ ಮೇಲೂ ಹೀಗೇ. ಮನೆಯನ್ನೆಲ್ಲ ತೊಳೆದಿರುತ್ತಾರೆ, ಜೊತೆಗೆ ಮೀನಿನ ಟ್ಯಾಂಕನ್ನೂ. ನೀರು ಪೂರ್ತಿ ಚೆಲ್ಲಿ, ಜಲ್ಲಿಯನ್ನು ಬಿಸಿಲಿಗೆ ಹರಡಿ, ಫಿಲ್ಟರಿನ ಸ್ಪಾಂಜನ್ನು ಕಾವೇರಿ ನಲ್ಲಿ ಕೆಳಗೆ ಹಿಡಿದು ಕೊಳೆ ಬಿಡುವವರೆಗೆ ಉಜ್ಜಿರುತ್ತಾರೆ. "ನೀರು ಫಳಫಳ ಅಂತಿದೆ ಸಾರ್. ಆದ್ರೂ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ. ಫಿಲ್ಟರ್ ಕೆಟ್ಟಿದೆ ಅನ್ಸುತ್ತೆ, ಯಾವುದು ತಗೊಳ್ಲಿ?"

ಹೊಸ ಫಿಲ್ಟರ್ ಬೇಡ. ಇದ್ದದ್ದು ಚೆನ್ನಾಗಿಯೇ ಇತ್ತು. ಅದರೊಳಗೆ ಇದ್ದ ಜೀವಗಳು ತೊಳೆದುಹೋಗಿವೆ, ಅಷ್ಟೇ.

ಫಿಲ್ಟರ್ ಅಂದರೆ ಕಸ ಹಿಡಿಯುವ ಡಬ್ಬ ಅಂತ ಎಲ್ಲರೂ ನಂಬಿದ್ದಾರೆ. ಕಸ ಹಿಡಿಯುತ್ತದೆ ನಿಜ. ಆದರೆ ಅದು ಅದರ ಸಣ್ಣ ಕೆಲಸ. ಮೀನು ಹಗಲು ರಾತ್ರಿ ಅಮೋನಿಯಾ ಬಿಡುತ್ತಿರುತ್ತದೆ. ಅದರಲ್ಲಿ ಹೆಚ್ಚಿನದು ಕಿವಿರುಗಳ ಮೂಲಕವೇ ನೀರಿಗೆ ಸೇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾ. ಇದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಇದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟನ್ನು ಮೀನು ಸಾಕಷ್ಟು ತಡೆದುಕೊಳ್ಳುತ್ತದೆ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಕಡಿಮೆಯೂ ಆಗುತ್ತದೆ.

ಈ ಬ್ಯಾಕ್ಟೀರಿಯಾ ಎಲ್ಲಿರುತ್ತವೆ? ನೀರಿನಲ್ಲಿ ತೇಲಾಡುವುದು ಬಹಳ ಕಡಿಮೆ. ಜಲ್ಲಿ, ಗಾಜು, ಎಲ್ಲಕ್ಕಿಂತ ಜಾಸ್ತಿ ಫಿಲ್ಟರಿನ ಸ್ಪಾಂಜು ಮತ್ತು ಸೆರಾಮಿಕ್ ರಿಂಗುಗಳ (ಫಿಲ್ಟರಿನೊಳಗೆ ತುಂಬುವ ಪಿಂಗಾಣಿಯಂಥ ಸಣ್ಣ ಬಳೆಗಳು) ಮೇಲೆ ಅಂಟಿಕೊಂಡಿರುತ್ತವೆ. ಯಾಕೆಂದರೆ ಆಮ್ಲಜನಕ ಇರುವ ನೀರು ಅಲ್ಲಿ ಸದಾ ಹರಿಯುತ್ತದೆ. ನೀವು ಕೊಳೆ ಅಂದುಕೊಂಡು ಉಜ್ಜಿ ತೆಗೆಯುವ ಆ ಕಂದು ಲೋಳೆಯಲ್ಲೇ ಅವುಗಳ ವಾಸ. ನಲ್ಲಿ ನೀರಿನ ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲಿಕ್ಕೆ. ನಮಗೆ ಬೇಕಾದ ಬ್ಯಾಕ್ಟೀರಿಯಾ ಅಂತ ಅದು ಬಿಡುವುದಿಲ್ಲ.

ಇನ್ನೂ ಒಂದು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನೀರು ತಿಳಿಯಾಗಿದೆ ಅಂದ ಮಾತ್ರಕ್ಕೆ ಅದರಲ್ಲಿ ವಿಷ ಇಲ್ಲ ಅಂತಲ್ಲ. ಅಮೋನಿಯಾಕ್ಕೆ ಬಣ್ಣ ಇಲ್ಲ. ಬೋರ್‌ವೆಲ್ ನೀರು ಬಳಸುವವರು ಇನ್ನೂ ಹುಷಾರಾಗಿರಬೇಕು. ಅದರ ಪಿಎಚ್, ಅಂದರೆ ನೀರು ಆಮ್ಲವೋ ಕ್ಷಾರವೋ ಅಂತ ತೋರಿಸುವ ಅಂಕಿ, ಹಲವು ಕಡೆ 8ರ ಹತ್ತಿರ ಇರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ, ಅಷ್ಟೇ ಅಮೋನಿಯಾದಲ್ಲಿ ವಿಷವಾಗಿರುವ ಪಾಲು ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ಪಕ್ಕದ ಮನೆಯ ಮೀನು ತಡೆದುಕೊಂಡದ್ದು ನಿಮ್ಮ ಮೀನಿಗೆ ತಡೆಯದೆ ಹೋಗುವುದು ಇದಕ್ಕೂ ಇರಬಹುದು. ನೀರು ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾರೆ.

ರಾಜಾಜಿನಗರದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ನನ್ನ ಹಳೆಯ ಗ್ರಾಹಕರು. ಗೋಲ್ಡ್‌ಫಿಷ್ ಅಂದರೆ ಅವರಿಗೆ ಪ್ರಾಣ. ಪ್ರತಿ ಸೋಮವಾರ ಫಿಲ್ಟರ್ ಬಿಚ್ಚಿ, ಪಾತ್ರೆ ತೊಳೆಯುವ ಪುಡಿ ಹಾಕಿ ತಿಕ್ಕುತ್ತಿದ್ದರು. ಮೀನು ಸತ್ತಾಗಲೆಲ್ಲ ಇನ್ನೂ ದುಬಾರಿ ಫಿಲ್ಟರ್ ತರುತ್ತಿದ್ದರು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ. ಅದನ್ನು ತೆಗೆದು ಇಬ್ಬರೂ ಕೂತು ನೋಡಿದೆವು. ಸಾವುಗಳೆಲ್ಲ ಬುಧವಾರ, ಗುರುವಾರವೇ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಪ್ರೀತಿಯಿಂದ ಮಾಡಿದ ಕೆಲಸವೇ ಹೀಗಾಯಿತು ಅಂತ ಗೊತ್ತಾದರೆ ಯಾರಿಗಾದರೂ ನೋವಾಗುತ್ತದೆ. ಈಗ ಅವರ ಮೀನುಗಳು ಅಂಗೈಯಷ್ಟು ಅಗಲ ಬೆಳೆದಿವೆ.

ಹಾಗಂತ ಸ್ಪಾಂಜನ್ನು ತೊಳೆಯಲೇಬಾರದು ಅಂತಲ್ಲ. ನೀರಿನ ಹರಿವು ಕಡಿಮೆಯಾದಾಗ ತೊಳೆಯಿರಿ. ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟ್ಟಿನಲ್ಲಿ ಇಟ್ಟುಕೊಂಡು, ಅದರಲ್ಲಿ ಎರಡು ಮೂರು ಸಲ ಹಿಂಡಿದರೆ ಸಾಕು. ಕಂದು ಬಣ್ಣ ಉಳಿಯಲಿ. ಸೋಪು ಬೇಡವೇ ಬೇಡ. ಸ್ಪಾಂಜು ಹಿಂಡಿದ ದಿನ ಜಲ್ಲಿಗೆ ಕೈ ಹಾಕಬೇಡಿ.

ಅಂಗಡಿಗೆ ಹೋದಾಗ ಇದನ್ನೇ ತಲೆಯಲ್ಲಿ ಇಟ್ಟುಕೊಳ್ಳಿ. "ಈ ಕಾರ್ಟ್ರಿಜ್ ತಿಂಗಳಿಗೊಮ್ಮೆ ಎಸೆದು ಹೊಸದು ಹಾಕಿ" ಅಂತ ಬರೆದ ಫಿಲ್ಟರನ್ನು ನಾನು ಯಾರಿಗೂ ಹೇಳುವುದಿಲ್ಲ. ತಿಂಗಳಿಗೊಮ್ಮೆ ಬ್ಯಾಕ್ಟೀರಿಯಾವನ್ನೂ ಎಸೆದ ಹಾಗೆ ಆಗುತ್ತದೆ. ಸ್ಪಾಂಜು ಬೇರೆ, ರಿಂಗು ಬೇರೆ ಹಾಕಲು ಜಾಗ ಇರುವುದನ್ನು ತಗೊಳ್ಳಿ. ಒಂದನ್ನು ತೊಳೆದಾಗ ಇನ್ನೊಂದು ಹಾಗೇ ಉಳಿಯುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಗಪ್ಪಿ, ಪ್ಲಾಟಿ ಸಾಕುವವರಿಗೆ ಏರ್ ಪಂಪಿನಿಂದ ನಡೆಯುವ ಸಾದಾ ಸ್ಪಾಂಜ್ ಫಿಲ್ಟರೇ ಸಾಕು. ಬೆಲೆಯೂ ಕಡಿಮೆ, ಕೆಡುವಂಥದ್ದೂ ಏನಿಲ್ಲ. ಒಳಗೇ ಕರೆಂಟಿನ ಪಂಪು ಇರುವ ಪವರ್ ಫಿಲ್ಟರೇ ಬೇಕು ಅಂದರೆ ಟ್ಯಾಂಕಿನ ನೀರನ್ನು ಗಂಟೆಗೆ ನಾಲ್ಕೈದು ಸಲ ತಿರುಗಿಸುವಂಥದ್ದು ನೋಡಿ. ಡಬ್ಬದ ಮೇಲಿನ ಅಂಕಿ ಸಾಮಾನ್ಯವಾಗಿ ಖಾಲಿ ಪಂಪಿನದು, ಸ್ಪಾಂಜು ತುಂಬಿದ ಮೇಲೆ ಅಷ್ಟು ಬರುವುದಿಲ್ಲ. ಆ ಎರಡಡಿ ಟ್ಯಾಂಕಿಗೆ ಗಂಟೆಗೆ 400 ಲೀಟರಿನದು ತಂದರೆ ನಷ್ಟವಿಲ್ಲ. ಗೋಲ್ಡ್‌ಫಿಷ್ ತುಂಬ ಗಲೀಜು ಮಾಡುವ ಮೀನು, ಅದಕ್ಕೆ ಟ್ಯಾಂಕೂ ದೊಡ್ಡದು ಬೇಕು, ಫಿಲ್ಟರೂ ದೊಡ್ಡದು ಬೇಕು. ಗಾಜಿನ ಬೌಲಿನಲ್ಲಿ ಇಡಬೇಡಿ.

ಹೀಟರ್ ಮಂಗಳೂರಿನವರಿಗೆ ಸಾಮಾನ್ಯವಾಗಿ ಬೇಡ. ಬೆಂಗಳೂರಿನ ಡಿಸೆಂಬರ್, ಜನವರಿ ರಾತ್ರಿಗಳಿಗೆ ಲೀಟರಿಗೆ ಒಂದು ವ್ಯಾಟ್ ಲೆಕ್ಕ ಸಾಕು. ನೀರು ತೆಗೆಯುವ ಮುಂಚೆ ಪ್ಲಗ್ ಕಿತ್ತಿರಬೇಕು. ಬಣ್ಣಬಣ್ಣದ ಲೈಟು, ಬಾಯಿ ತೆರೆದು ಗುಳ್ಳೆ ಬಿಡುವ ಬೊಂಬೆ ನಿಮ್ಮಿಷ್ಟ. ಅದಕ್ಕೆ ಕೊಡುವ ದುಡ್ಡಿನಲ್ಲಿ ಅಮೋನಿಯಾ, ನೈಟ್ರೈಟ್ ತೋರಿಸುವ ಹನಿ ಟೆಸ್ಟ್ ಕಿಟ್ ಒಂದನ್ನು ಮೊದಲು ತನ್ನಿ ಅನ್ನುವುದು ನನ್ನ ಕೋರಿಕೆ.

ಈಗಾಗಲೇ ಎಲ್ಲ ತೊಳೆದು ಕೂತಿದ್ದೀರಾ? ಎರಡು ಮೂರು ದಿನ ಆಹಾರ ನಿಲ್ಲಿಸಿ. ಆರೋಗ್ಯವಾಗಿರುವ ದೊಡ್ಡ ಮೀನು ಅಷ್ಟಕ್ಕೆ ಸಾಯುವುದಿಲ್ಲ. ಏರ್ ಪಂಪ್ ಜೋರಾಗಿ ಓಡಲಿ. ದಿನಾ ಮೂರನೇ ಒಂದು ಭಾಗ ನೀರನ್ನು, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ ನೀರಿನಿಂದ ಬದಲಿಸಿ. ದಯವಿಟ್ಟು ನೀಲಿ ಔಷಧ ಸುರಿಯಬೇಡಿ. ಮೆಥಿಲೀನ್ ಬ್ಲೂ ಉಳಿದಿರುವ ಬ್ಯಾಕ್ಟೀರಿಯಾಕ್ಕೂ ಕೆಟ್ಟದ್ದು ಮಾಡಬಹುದು.

ಹೊಸ ಟ್ಯಾಂಕ್ ಇಡುವವರಿಗೂ ಇದೇ ಕಥೆ. ಈ ಬ್ಯಾಕ್ಟೀರಿಯಾ ತಾವಾಗಿ ಬೆಳೆದು ನಿಲ್ಲಲು ನಾಲ್ಕರಿಂದ ಆರು ವಾರ ಬೇಕು. ಟ್ಯಾಂಕು, ಮೀನು ಎರಡನ್ನೂ ಒಂದೇ ದಿನ ಮನೆಗೆ ತರುವ ಆತುರ ಮಕ್ಕಳಿಗೆ ಇರುತ್ತದೆ, ಅದು ನನಗೂ ಅರ್ಥವಾಗುತ್ತದೆ. ಆದರೂ ತಡೆಯಿರಿ. ಬೇಗ ಆಗಬೇಕು ಅಂದರೆ, ಮೊಸರಿಗೆ ಪಕ್ಕದ ಮನೆಯಿಂದ ಹೆಪ್ಪು ತರುವ ಹಾಗೆ, ಹಳೆಯ ಟ್ಯಾಂಕ್ ಇರುವ ಸ್ನೇಹಿತರಿಂದ ಫಿಲ್ಟರ್ ಸ್ಪಾಂಜಿನ ಒಂದು ತುಂಡು ಕೇಳಿ. ಅವರ ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ ತಂದು, ಒಣಗುವ ಮುಂಚೆ ನಿಮ್ಮ ಫಿಲ್ಟರಿಗೆ ಹಾಕಿ. ಆ ಟ್ಯಾಂಕಿನಲ್ಲಿ ಎರಡು ತಿಂಗಳಿಂದ ಹೊಸ ಮೀನು ಬಂದಿಲ್ಲ, ಯಾವ ಮೀನಿಗೂ ಬಿಳಿ ಚುಕ್ಕೆ ಕಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ರೋಗವೂ ಅದೇ ಸ್ಪಾಂಜಿನಲ್ಲಿ ಬರಬಹುದು.