ಪುಟ ಕಂಡರೂ ಬಟನ್ ಏಕೆ ಓಗೊಡುವುದಿಲ್ಲ?

ಮೊಬೈಲಿನಲ್ಲಿ ಬಸ್ ಟಿಕೆಟ್‌ನ ಪುಟ ತೆರೆಯುತ್ತೀರಿ. ಊರುಗಳ ಹೆಸರು, ದರ, ‘ಹುಡುಕಿ’ ಎಂಬ ಬಟನ್ ಎಲ್ಲವೂ ಕಾಣುತ್ತವೆ. ಬಟನ್ ಒತ್ತಿದರೆ ಮಾತ್ರ ಏನೂ ಆಗುವುದಿಲ್ಲ. ನೆಟ್‌ವರ್ಕ್ ಸರಿಯಿಲ್ಲವೆಂದು ನಾವು ಸುಮ್ಮನಾಗುತ್ತೇವೆ. ಎಷ್ಟೋ ಸಲ ಆ ಪುಟದ ಹೈಡ್ರೇಶನ್ ಇನ್ನೂ ಮುಗಿದಿರುವುದಿಲ್ಲ.

ರಿಯಾಕ್ಟ್‌ನಂಥ ಲೈಬ್ರರಿ (ಪುಟ ಕಟ್ಟಲು ನೆರವಾಗುವ ಸಿದ್ಧ ಕೋಡ್) ಬಳಸಿದ ಪುಟವನ್ನು ಬ್ರೌಸರ್ ಒಂದೇ ಕಟ್ಟುವುದಾದರೆ, ಜಾವಾಸ್ಕ್ರಿಪ್ಟ್ ಎಂಬ ಭಾಷೆಯ ಆ ಕೋಡ್ ಇಳಿದು ಓಡುವವರೆಗೂ ಪರದೆ ಖಾಲಿ. ಅದಕ್ಕೇ ಸರ್ವರ್ ಮೊದಲೇ ಪುಟದ ಪಠ್ಯ, ರಚನೆಯಿರುವ ಎಚ್‌ಟಿಎಂಎಲ್ ತಯಾರಿಸಿ ಕಳಿಸುತ್ತದೆ. ಓದಲು ಅಷ್ಟು ಸಾಕು. ಆದರೆ ಒತ್ತಿದಾಗ ಏನಾಗಬೇಕೆಂಬ ಕೋಡ್ ಅದರಲ್ಲಿಲ್ಲ. ಹಿಂದಿನಿಂದ ಬರುವ ಜಾವಾಸ್ಕ್ರಿಪ್ಟ್ ಅದೇ ಪುಟವನ್ನು ಮತ್ತೊಮ್ಮೆ ಲೆಕ್ಕಹಾಕಿ, ಪರದೆಯ ಮೇಲಿರುವುದಕ್ಕೆ ತಾಳೆ ನೋಡಿ, ನಮ್ಮ ಬೆರಳಿಗೆ ಓಗೊಡುವಂತೆ ಸಜ್ಜುಗೊಳಿಸುತ್ತದೆ. ಇದೇ ಹೈಡ್ರೇಶನ್. ನಿಜವಾದ ಲಿಂಕ್, ನಿಜವಾದ ಫಾರ್ಮ್ ಬಳಸಿದ್ದರೆ ಅದು ಮುಗಿಯುವ ಮೊದಲೂ ಬ್ರೌಸರೇ ಕೆಲಸ ನಡೆಸಿಕೊಡುತ್ತದೆ. ಈ ಹಳೆಯ ಸೌಲಭ್ಯವನ್ನು ಬಿಟ್ಟುಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಾಳೆ ಅನೇಕ ಸಲ ತಪ್ಪುವುದು ದಿನಾಂಕದಲ್ಲಿ. ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಜನವರಿ 26ರಂದು, ಮಧ್ಯರಾತ್ರಿ ಕಳೆದು 1.30ಕ್ಕೆ ಬೆಂಗಳೂರಿನಲ್ಲಿ ಪುಟ ತೆರೆದರೆ ಸರ್ವರ್ ‘ಜನವರಿ 25’ ಎಂದು ಬರೆದಿರುತ್ತದೆ, ಮೊಬೈಲ್ 26 ಎನ್ನುತ್ತದೆ. ಕನ್ನಡಕ್ಕೆ ಇನ್ನೊಂದು ತೊಡಕೂ ಇತ್ತು. 2019ರಲ್ಲಿ ಬಂದ 13ನೇ ಆವೃತ್ತಿಗಿಂತ ಹಿಂದಿನ ನೋಡ್ ಜೆಎಸ್ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಜೊತೆ ಇಂಗ್ಲಿಷಿನ ಭಾಷಾ ಮಾಹಿತಿ ಮಾತ್ರ ಬರುತ್ತಿತ್ತು. ಕನ್ನಡದಲ್ಲಿ ಕೊಡೆಂದರೂ ಸರ್ವರ್ ತಿಂಗಳ ಹೆಸರನ್ನು ಇಂಗ್ಲಿಷಿನಲ್ಲೇ ಬರೆಯುತ್ತಿತ್ತು. ಬ್ರೌಸರ್ ಮಾತ್ರ ಕನ್ನಡದಲ್ಲಿ ಬರೆಯುತ್ತಿತ್ತು.

2022ರ ರಿಯಾಕ್ಟ್ 18 ಇಂಥ ಪಠ್ಯವ್ಯತ್ಯಾಸ ಕಂಡರೆ ಸುಮ್ಮನಿರುವುದಿಲ್ಲ. ಸರ್ವರ್ ಕಳಿಸಿದ ಆ ಭಾಗವನ್ನು ಬದಿಗಿಟ್ಟು ಬ್ರೌಸರಿನಲ್ಲಿ ಮೊದಲಿಂದ ಕಟ್ಟುತ್ತದೆ. ಸಸ್ಪೆನ್ಸ್ ಎಂಬ ರಿಯಾಕ್ಟ್ ಸೌಲಭ್ಯ ಬಳಸಿ ಪುಟವನ್ನು ಭಾಗ ಮಾಡಿರದಿದ್ದರೆ, ಒಂದು ದಿನಾಂಕಕ್ಕಾಗಿ ಇಡೀ ಪುಟ ಮತ್ತೆ ಕಟ್ಟಬೇಕು. ಸರ್ವರ್ ಪಟ್ಟ ಶ್ರಮವೆಲ್ಲ ವ್ಯರ್ಥ.

ದಾರಿ ಕಷ್ಟದ್ದಲ್ಲ. ದಿನಾಂಕವನ್ನು ಭಾರತದ ಸಮಯ ವಲಯದಲ್ಲಿ ಸರ್ವರೇ ಒಮ್ಮೆ ಲೆಕ್ಕಹಾಕಿ, ಆ ಉತ್ತರವನ್ನೇ ಪುಟದೊಂದಿಗೆ ಕಳಿಸಬೇಕು. ಪರದೆಯ ಅಗಲ, ಲೋಕಲ್ ಸ್ಟೋರೇಜ್‌ನಲ್ಲಿ (ಬ್ರೌಸರಿನೊಳಗಿನ ಸಂಗ್ರಹ) ಉಳಿಸಿದ ಆಯ್ಕೆಯಂಥ ಬ್ರೌಸರಿಗಷ್ಟೇ ಗೊತ್ತಿರುವ ಸಂಗತಿಗಳನ್ನು ಮೊದಲ ಸುತ್ತಿನಲ್ಲಿ ಮುಟ್ಟದೆ, ಹೈಡ್ರೇಶನ್ ಆದ ಮೇಲೆ ಓಡುವ ರಿಯಾಕ್ಟ್‌ನ ಯೂಸ್‌ಎಫೆಕ್ಟ್‌ನಲ್ಲಿ ಓದಬೇಕು. ತಾಳೆ ತಪ್ಪಿದಾಗ ರಿಯಾಕ್ಟ್ ಡೆವಲಪರಿಗೆ ತೋರಿಸುವ ಎಚ್ಚರಿಕೆಯ ಸಂದೇಶವನ್ನು ಅಡಗಿಸುವ ಸವಲತ್ತೂ ಇದೆ. ಅದರಿಂದ ಸಂದೇಶ ಮರೆಯಾಗುತ್ತದೆ, ತಪ್ಪು ದಿನಾಂಕ ಪರದೆಯ ಮೇಲೇ ಉಳಿಯಬಹುದು.

ಇದೆಲ್ಲದರ ಭಾರ ಬೀಳುವುದು ಫೋನಿನ ಪ್ರೊಸೆಸರ್ ಮೇಲೆ. ದುಬಾರಿ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸುವ ತಂಡಕ್ಕೆ ಈ ವಿಳಂಬ ಕಾಣಿಸುವುದೇ ಇಲ್ಲ. ಅಗ್ಗದ ಫೋನ್ ಹಿಡಿದವರು ಪ್ರತಿದಿನ ಅನುಭವಿಸುತ್ತಾರೆ. ಬರೀ ಓದುವ ಪುಟಕ್ಕೆ ಪೂರ್ತಿ ಹೈಡ್ರೇಶನ್ ಏಕೆ ಬೇಕು? ಆಸ್ಟ್ರೋ ಎಂಬ ಫ್ರೇಮ್‌ವರ್ಕ್ ತಾನಾಗಿ ಇಂಥ ಜಾವಾಸ್ಕ್ರಿಪ್ಟನ್ನು ಕಳಿಸುವುದಿಲ್ಲ. ಹುಡುಕುವ ಪೆಟ್ಟಿಗೆ, ಚಿತ್ರಮಾಲೆ ಹೀಗೆ ಡೆವಲಪರ್ ಗುರುತಿಸಿದ ಭಾಗಗಳಿಗಷ್ಟೇ ಹೈಡ್ರೇಶನ್. ಬೇಕೆಂದರೆ ಅದನ್ನೂ ಆ ಭಾಗ ಪರದೆಯೊಳಗೆ ಬಂದಾಗಲೇ ಶುರುಮಾಡುವಂತೆ ಹೇಳಬಹುದು.