ಸೇತುವೆಗೆ ಮಾಡು ಯಾಕೆ?

ಅಮೆರಿಕದ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಕಡೆಯ ಹಳ್ಳಿಗಳಲ್ಲಿ ಗೋಡೆ, ಮಾಡು (ಚಾವಣಿ) ಎರಡೂ ಇರುವ ಮರದ ಸೇತುವೆಗಳಿವೆ. ಮಾಡು ಯಾಕೆ ಅಂತ ಕೇಳಿದರೆ ತರಾವರಿ ಉತ್ತರ ಸಿಗುತ್ತದೆ. ನೀರು ಕಂಡು ಕುದುರೆ ಬೆದರಬಾರದು ಅಂತ. ಒಳಗೆ ಹಿಮ ಬೀಳಬಾರದು ಅಂತ. ಪ್ರೇಮಿಗಳಿಗೆ ಮರೆ ಇರಲಿ ಅಂತಲೂ ಹೇಳುತ್ತಾರೆ. ಸ್ಟೋವ್ ಎಂಬ ಊರಿನ ಸೇತುವೆಗಂತೂ ಒಂದು ದೆವ್ವವನ್ನೇ ಅಂಟಿಸಿಬಿಟ್ಟಿದ್ದಾರೆ.

ಹಿಮದ ಮಾತು ಪೂರಾ ಉಲ್ಟಾ. ಚಳಿಗಾಲದಲ್ಲಿ ಜಾರುಬಂಡಿ ಓಡಬೇಕಲ್ವಾ? ಅದಕ್ಕೆ ಹೊರಗಿನ ಹಿಮವನ್ನು ತಂದು ಸೇತುವೆಯೊಳಗೆ ಹರಡುತ್ತಿದ್ದರು!

ಮಾಡು ಇರುವುದು ಸೇತುವೆಯ ಮರ ಉಳಿಯಲಿ ಅಂತ. ಮರವನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ಗಾಳಿ ಬೇಕು, ಹದವಾದ ಬಿಸಿ ಬೇಕು, ತಿನ್ನಲು ಮರ ಬೇಕು, ಜೊತೆಗೆ ತೇವ ಬೇಕು. ನಮ್ಮ ಕೈಯಲ್ಲಿರುವುದು ಕೊನೆಯದೊಂದೇ. ಮರದ ತೇವ ಅದರ ಒಣ ತೂಕದ ಶೇ. 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರದ ಆಟ ನಡೆಯುವುದಿಲ್ಲ. ಶೇ. 30ರ ಹತ್ತಿರ ಹೋದರೆ ಅದಕ್ಕೆ ಹಬ್ಬ.

ಹಲಗೆಯ ಮೈಮೇಲೆ ಬಿದ್ದ ಮಳೆ ಬಿಸಿಲಿಗೆ ಆರುತ್ತದೆ. ಹಲಗೆಗೆ ಹಲಗೆ ಕೂಡುವ ಸಂದಿಗೆ ಇಳಿದದ್ದು ಆರುವುದಿಲ್ಲ. ಮರದೊಳಗಿನ ಸಣ್ಣ ಕೊಳವೆಗಳು ಉದ್ದಕ್ಕೆ ಹರಿದಿರುತ್ತವೆ. ಹಾಗಾಗಿ ಕೊಯ್ದ ತುದಿ ನೀರನ್ನು ಜಾಸ್ತಿ ಹೀರುತ್ತದೆ. ಆ ತುದಿಗಳಿರುವುದೂ ಹೆಚ್ಚಾಗಿ ಕೂಡುಗಳಲ್ಲೇ, ಭಾರ ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ. ನಮ್ಮ ಮನೆಯ ಮಾಡಿನ ಒಂದು ಹೆಂಚು ಒಡೆದರೂ ಸಾಕು, ಅದರ ಕೆಳಗಿನ ಪಕಾಸಿ ಕೊಳೆತು ಲಡ್ಡಾಗುತ್ತದೆ. ಇಲ್ಲಿಯೂ ಅದೇ ಕತೆ.

1820ರಲ್ಲಿ ಇಥಿಯಲ್ ಟೌನ್ ಎಂಬ ವಾಸ್ತುಶಿಲ್ಪಿ ಒಂದು ಪೇಟೆಂಟ್ ಪಡೆದ. ದಪ್ಪ ತೊಲೆಗಳ ಬದಲು ತೆಳು ಹಲಗೆಗಳನ್ನು ಜಾಲರಿಯಂತೆ ಓರೆಯಾಗಿ ಹೆಣೆದು, ಕೂಡುಗಳಿಗೆ ಮರದ ಗೂಟ ಬಡಿಯುವುದು. ಊರಿನ ಸಾಮಾನ್ಯ ಬಡಗಿಗಳೂ ಕಟ್ಟಬಹುದಾದ ಸೇತುವೆ. ಟೌನ್ ಸುಮ್ನೆ ಬಿಡಲಿಲ್ಲ, ಅಡಿಗೆ ಒಂದು ಡಾಲರಿನಂತೆ ವಸೂಲಿ ಮಾಡಿದ. ಆದರೆ ಜಾಲರಿ ಅಂದರೆ ನೂರಾರು ಕೂಡು. ಮಾಡು ಇಲ್ಲದಿದ್ದರೆ ನೂರಾರು ಕಡೆ ಲಡ್ಡು.

ಮಾಡಿನ ಲೆಕ್ಕ ಅದಕ್ಕೂ ಮೊದಲೇ ಗೊತ್ತಿತ್ತು. 1805ರ ಫಿಲಡೆಲ್ಫಿಯಾ ಸೇತುವೆಯನ್ನು ಕಟ್ಟಿದ ತಿಮೊಥಿ ಪಾಮರ್, ಮುಚ್ಚದಿದ್ದರೆ 10–12 ವರ್ಷ, ಮುಚ್ಚಿದರೆ 30–40 ವರ್ಷ ಅಂದಿದ್ದ. ತೀರಾ ಕಡಿಮೆ ಹೇಳಿದ್ದ! ಕನೆಕ್ಟಿಕಟ್ ನದಿಯ ಕಾರ್ನಿಶ್–ವಿಂಡ್ಸರ್ ಸೇತುವೆಯನ್ನು ಕಟ್ಟಿದ್ದು 1866ರಲ್ಲಿ, ಟೌನ್‌ನ ಜಾಲರಿ ಪದ್ಧತಿಯಲ್ಲೇ. ಉದ್ದ ಸುಮಾರು 450 ಅಡಿ. ಅದರ ಮೇಲೆ ಈಗಲೂ ಕಾರು ಓಡುತ್ತವೆ. ಅದೇ ಜಾಗದಲ್ಲಿದ್ದ ಹಿಂದಿನ ಮೂರು ಸೇತುವೆಗಳನ್ನು ಪ್ರವಾಹ ಒಯ್ದಿತ್ತು. 1989ರಲ್ಲಿ ಮುಗಿದ ದುರಸ್ತಿಯಲ್ಲಿ ಅಂಟು ಹಾಕಿ ಪದರ ಜೋಡಿಸಿದ ಹೊಸ ತೊಲೆಗಳನ್ನು ಸೇರಿಸಿದರು. ಹಳೆಯ ಮರವೇ ಇರಬೇಕಿತ್ತು ಅನ್ನುವವರು ಇದ್ದೇ ಇರುತ್ತಾರೆ. ನನಗೆ ಮಾತ್ರ ಇದು ಸರಿ ಅನಿಸುತ್ತದೆ. ಸೇತುವೆ ಅಂದಮೇಲೆ ಭಾರ ಹೊರಲೇಬೇಕು.

ಮಾಡಿನ ಆಟ ಮಳೆಯ ಮುಂದೆ ಮಾತ್ರ. ನ್ಯೂಯಾರ್ಕ್ ರಾಜ್ಯದ ಬ್ಲೆನ್‌ಹೈಮ್‌ನಲ್ಲಿ 1855ರಿಂದ ನಿಂತಿದ್ದ ಸೇತುವೆ 2011ರ ಐರೀನ್ ಚಂಡಮಾರುತದ ನೆರೆಗೆ ಕೊಚ್ಚಿಹೋಯಿತು. ಬೆಂಕಿಗಂತೂ ಮಾಡೇ ಅನುಕೂಲ, ಮರ ಒಣಗಿಕೊಂಡೇ ಇರುತ್ತದೆ. ಐಯೊವಾದ ಸೀಡರ್ ಸೇತುವೆಗೆ ಕಿಡಿಗೇಡಿಗಳು 2002ರಲ್ಲಿ ಬೆಂಕಿ ಇಟ್ಟರು. ಮತ್ತೆ ಕಟ್ಟಿದರು. 2017ರಲ್ಲಿ ಅದಕ್ಕೂ ಇಟ್ಟರು.